ದಾಟಿಸಿದರೆ ರಿಪೇರಿ ಮಾಡಿಸಿದಂತೆ

ಚಿಕ್ಕಮಗಳೂರಿನಲ್ಲಿ ಇವತ್ತಿನವರೆಗೆ ಒಬ್ಬರ ಕಾರಿನ ಆಟೋಮ್ಯಾಟಿಕ್ ಗೇರ್‌ಬಾಕ್ಸೂ ಕೆಟ್ಟಿಲ್ಲ. ಬೇಕಿದ್ದರೆ ಹನುಮಂತಪ್ಪ ಸರ್ಕಲ್‌ನಲ್ಲಿ ನಿಂತು ಯಾರನ್ನಾದರೂ ಕೇಳಿ. ‘ಸ್ವಲ್ಪ ಜಗ್ಗುತ್ತೆ ಅಷ್ಟೇ’ ಅನ್ನುತ್ತಾರೆ. ‘ರಿವರ್ಸ್ ಹಾಕಿದ್ರೆ ಒಂಚೂರು ಯೋಚನೆ ಮಾಡುತ್ತೆ’ ಅನ್ನುತ್ತಾರೆ. ಮೀಟರ್ ಬೋರ್ಡಿನಲ್ಲಿ ಹಳದಿ ದೀಪ ಹತ್ತಿಸಿಕೊಂಡು, ಮೂರನೇ ಗೇರಿನಲ್ಲೇ ಸಿಕ್ಕಿಹಾಕಿಕೊಂಡು ಮೂಡಿಗೆರೆಯಿಂದ ತೆವಳಿಕೊಂಡು ಬಂದವರೂ ‘ಇವತ್ತು ಯಾಕೋ ನಿಧಾನಕ್ಕೆ ಓಡಿಸೋಣ ಅನ್ನಿಸ್ತು’ ಅಂತಲೇ ಹೇಳುವುದು. ಕೆಟ್ಟಿದೆ ಅಂತ ಬಾಯಿಬಿಟ್ಟರೆ ರೇಟು ಬಿದ್ದುಹೋಗುತ್ತದಲ್ಲ.

ಹಾಗಾದರೆ ಕೆಟ್ಟ ಗೇರ್‌ಬಾಕ್ಸುಗಳೆಲ್ಲ ಎಲ್ಲಿ ಹೋಗುತ್ತವೆ? ಎಲ್ಲೂ ಹೋಗುವುದಿಲ್ಲ. ಓಡಾಡಿಕೊಂಡಿರುತ್ತವೆ. ಚಿಕ್ಕಮಗಳೂರಿನದು ಕಡೂರಿಗೆ, ಕಡೂರಿನದು ಅರಸೀಕೆರೆಗೆ, ಅರಸೀಕೆರೆಯದು ಹಾಸನಕ್ಕೆ, ಹಾಸನದ್ದು ಬೇಲೂರಿನ ಮೇಲೆ ವಾಪಸ್ ಇಲ್ಲಿಗೆ. ಕೆಟ್ಟದ್ದನ್ನು ಹೇಳದೆ ಮುಂದಿನವರಿಗೆ ಮಾರಿ ಕೈತೊಳೆದುಕೊಳ್ಳುವ, ರಿಪೇರಿಗೆ ಒಂದು ಪೈಸೆ ಖರ್ಚಿಲ್ಲದೆ ಎರಡು ಜಿಲ್ಲೆಗಳಲ್ಲಿ ನಡೆಯುತ್ತಿರುವ ಈ ಸಹಕಾರಿ ವ್ಯವಸ್ಥೆಗೆ ನಮ್ಮ ಕಡೆ ದಾಟಿಸೋದು ಅನ್ನುತ್ತಾರೆ.

ನಮ್ಮ ಬೀದಿಯ ಮೇಷ್ಟ್ರ ವಿಷಯಕ್ಕೆ ಬನ್ನಿ. ಹೈಸ್ಕೂಲಿನಲ್ಲಿ ಗಣಿತ ಹೇಳಿ ರಿಟೈರ್ ಆದವರು. ಎಡಗಾಲಿನ ಮಂಡಿ ನೋವು. ಕ್ಲಚ್ ತುಳಿಯಬೇಡಿ ಅಂತ ಡಾಕ್ಟರು ಹೇಳಿದ್ದಕ್ಕೆ ಏಳು ವರ್ಷ ಹಳೆಯ ಆಟೋಮ್ಯಾಟಿಕ್ ಕಾರು ತಗೊಂಡರು. ಒಂದು ವರ್ಷ ತಕರಾರಿಲ್ಲದೆ ಓಡಿತು. ಆಮೇಲೊಂದು ಭಾನುವಾರ ನೆಂಟರನ್ನು ಕೂರಿಸಿಕೊಂಡು ಮುಳ್ಳಯ್ಯನಗಿರಿಗೆ ಹೊರಟರು. (ಚಿಕ್ಕಮಗಳೂರಿನವರು ಮುಳ್ಳಯ್ಯನಗಿರಿಗೆ ಹೋಗುವುದು ನೆಂಟರು ಬಂದಾಗ ಮಾತ್ರ.) 1,930 ಮೀಟರ್ ಎತ್ತರ, ರಾಜ್ಯದಲ್ಲೇ ಎತ್ತರದ ಬೆಟ್ಟ. ಕೈಮರ ಚೆಕ್‌ಪೋಸ್ಟ್ ದಾಟಿದ ಮೇಲೆ ಬೆಂಗಳೂರು ಗಾಡಿಗಳ ಸಾಲು. ಹತ್ತಡಿ ಹೋಗು, ನಿಲ್ಲು. ಮತ್ತೆ ಹತ್ತಡಿ ಹೋಗು, ನಿಲ್ಲು. ಆಟೋಮ್ಯಾಟಿಕ್ ಗೇರ್‌ಬಾಕ್ಸನ್ನು ಬಿಸಿ ಮಾಡಿ ಸಾಯಿಸಲು ಯಾರಾದರೂ ಸ್ಪರ್ಧೆ ಇಟ್ಟರೆ ಇದಕ್ಕಿಂತ ಒಳ್ಳೆ ಮೈದಾನ ಸಿಗಲಾರದು. ಸಾಲು ಸ್ವಲ್ಪ ಸಡಿಲವಾಗಿ, ಎರಡರಿಂದ ಮೂರನೇ ಗೇರಿಗೆ ಬೀಳುವಾಗ ದಡಕ್ ಅಂತ ಒಂದು ಏಟು. ಹಿಂದಿನ ಗಾಡಿಯವನು ಗುದ್ದಿದ ಅಂತ ಹಿಂದೆ ಕೂತಿದ್ದ ಅತ್ತಿಗೆ ತಿರುಗಿ ಬೈಯಲು ಬಾಯಿ ತೆರೆದರು. ಹಿಂದೆ ಯಾರೂ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಹೋಟೆಲ್ ಮುಂದೆ ಸಭೆ ಸೇರಿತು. ‘ಆಟೋಮ್ಯಾಟಿಕ್ಕೇ ಹಾಗೆ ಮಾರಾಯ್ರೆ, ನಮ್ಮ ರೋಡಿಗೆ ಅಲ್ಲ ಅದು’ ಅಂದರು ಒಬ್ಬರು. ‘ಆಯಿಲ್ ಮಾತ್ರ ಮುಟ್ಟಬೇಡಿ, ಆಯಿಲ್ ಬದಲಾಯಿಸಿದ ಮೇಲೇ ನಮ್ಮ ಷಡ್ಡಕನ ಗಾಡಿ ಸತ್ತಿದ್ದು’ ಅಂದರು ಇನ್ನೊಬ್ಬರು. ಮೂರನೆಯವರದು ಇನ್ನೂ ಮುಂದುವರಿದ ವಿಜ್ಞಾನ: ‘ಘಾಟಿ ಇಳಿಯುವಾಗ ನ್ಯೂಟ್ರಲ್‌ಗೆ ಹಾಕಿ. ಗೇರ್‌ಬಾಕ್ಸಿಗೆ ರೆಸ್ಟ್ ಸಿಗುತ್ತೆ.’ ಇವರ ಮಾತು ಕೇಳಿ ಚಾರ್ಮಾಡಿ ಇಳಿದರೆ ಮೊದಲು ಬ್ರೇಕು ಕಾದು ಕೈಕೊಡುತ್ತದೆ, ಆಮೇಲೆ ಗಾಡಿಯಲ್ಲಿ ಇರುವವರಿಗೆಲ್ಲ ರೆಸ್ಟ್ ಸಿಗುತ್ತದೆ.

ಇಷ್ಟು ಜನರಲ್ಲಿ ಒಬ್ಬರೂ ಕೇಳದ ಪ್ರಶ್ನೆ ಒಂದಿತ್ತು. ಯಾವ ಆಟೋಮ್ಯಾಟಿಕ್? ನಮ್ಮ ಊರಿನಲ್ಲಿ ಕ್ಲಚ್ ಪೆಡಲ್ ಇಲ್ಲದ್ದೆಲ್ಲ ಆಟೋಮ್ಯಾಟಿಕ್, ಅಲ್ಲಿಗೆ ಮಾತು ಮುಗಿಯಿತು. ಆದರೆ 2014ರಲ್ಲಿ ಮಾರುತಿ ಸೆಲೆರಿಯೊದಲ್ಲಿ ಬಂದು ಮನೆಮಾತಾದ ಎಎಂಟಿ ಒಳಗಡೆ ಮಾಮೂಲಿ ಗೇರ್‌ಬಾಕ್ಸೇ. ಕ್ಲಚ್ ಒತ್ತುವ, ಗೇರ್ ಬದಲಿಸುವ ಕೆಲಸ ಮಾತ್ರ ನಮ್ಮ ಕೈಕಾಲಿನ ಬದಲು ಒಂದು ಯಂತ್ರ ಮಾಡುತ್ತದೆ. ಅದರ ಕ್ಲಚ್ ಸವೆದರೆ ಬದಲಿಸಬಹುದು, ಆಕಾಶವೇನೂ ಕಳಚಿ ಬೀಳುವುದಿಲ್ಲ. ಸಿವಿಟಿಯಲ್ಲಿ ಗೇರುಗಳೇ ಇಲ್ಲ, ಎರಡು ರಾಟೆ, ಮಧ್ಯೆ ಒಂದು ಉಕ್ಕಿನ ಬೆಲ್ಟು. ಡಿಸಿಟಿಯಲ್ಲಿ ಎರಡು ಕ್ಲಚ್ಚು. ಒಣ ಕ್ಲಚ್ಚಿನದಾದರೆ ಏರಿನಲ್ಲಿ ತೆವಳಿಸುವುದು ಅದಕ್ಕೆ ಆಗಿಬರುವುದಿಲ್ಲ. ಇಂಜಿನ್ನಿನ ಬಲವನ್ನು ಆಯಿಲ್ಲಿನ ಮೂಲಕ ಗೇರ್‌ಬಾಕ್ಸಿಗೆ ಮುಟ್ಟಿಸುವ ಟಾರ್ಕ್ ಕನ್ವರ್ಟರ್ ಇರುವ ಹಳೇ ಜಾತಿಯದಕ್ಕೆ ಆಯಿಲ್ಲೇ ಪ್ರಾಣ. ಜಾರದಂತೆ ಹಿಡಿಯಲೂ ಅದೇ ಆಯಿಲ್ಲು, ಸವೆಯದಂತೆ ಕಾಯಲೂ ಅದೇ. ಕಾಯಿಲೆ ಬೇರೆ, ಖರ್ಚು ಬೇರೆ. ಮೇಷ್ಟ್ರದ್ದು ಈ ಕೊನೆಯ ಜಾತಿ. ಅದು ಗೊತ್ತಿದ್ದದ್ದು ಕಾರಿನ ಕೈಪಿಡಿಗೆ ಮಾತ್ರ. ಕೈಪಿಡಿ ಪ್ಲಾಸ್ಟಿಕ್ ಕವರಿನಿಂದ ಹೊರಗೆ ಬಂದೇ ಇರಲಿಲ್ಲ.

ಮೇಷ್ಟ್ರು ಶಿಸ್ತಿನವರು. ಮೊದಲು ಕಂಪನಿ ಸರ್ವಿಸ್ ಸೆಂಟರಿಗೇ ಹೋದರು. ಎ.ಸಿ. ರೂಮು, ಸೋಫಾ, ಗೋಡೆಗೆ ದೊಡ್ಡ ಟೀವಿ. ಕಾಫಿ ನಾಡಿನ ಮಧ್ಯೆ ಕೂರಿಸಿ ಮೆಷಿನ್ನಿನ ಪೌಡರ್ ಕಾಫಿ ಕೊಟ್ಟರು. ಗುಟುಕರಿಸುವಷ್ಟರಲ್ಲಿ ಇಸ್ತ್ರಿ ಮಾಡಿದ ಅಂಗಿಯ ಹುಡುಗನೊಬ್ಬ ಟ್ಯಾಬ್ ಹಿಡಿದುಕೊಂಡು ಬಂದ.

‘ಸಾರ್, ಗೇರ್‌ಬಾಕ್ಸ್ ಅಸೆಂಬ್ಲಿ ಚೇಂಜ್ ಮಾಡಬೇಕು. ಮೂರು ಲಕ್ಷದ ಹತ್ತು ಸಾವಿರ.’

‘ಒಳಗೆ ಏನು ಹೋಗಿದೆಯಪ್ಪ?’

‘ಅದು ಬಿಚ್ಚಿದ್ರೆ ಗೊತ್ತಾಗುತ್ತೆ ಸಾರ್.’

‘ಬಿಚ್ಚಿ ನೋಡಿ ಹೇಳು.’

‘ನಾವು ಬಿಚ್ಚೋ ಹಾಗಿಲ್ಲ ಸಾರ್.’

ಏನು ಹೋಗಿದೆ ಅಂತ ಗೊತ್ತಿಲ್ಲ, ಎಷ್ಟು ಖರ್ಚಾಗುತ್ತದೆ ಅಂತ ಮಾತ್ರ ಖಂಡಿತ ಗೊತ್ತು. ಇಷ್ಟು ವರ್ಷ ಗಣಿತ ಹೇಳಿದ ಮೇಷ್ಟ್ರಿಗೆ ಲೆಕ್ಕ ಮಾಡದೆ ಉತ್ತರ ಬರೆಯುವ ಈ ವಿಧಾನ ಹೊಸದಾಗಿ ಕಂಡಿತು. ಆಯಿಲ್ಲನ್ನಾದರೂ ಬದಲಾಯಿಸಿ ನೋಡಬಹುದಾ ಅಂತ ಕೇಳಿದರು. ‘ಇದಕ್ಕೆ ಆಯಿಲ್ ಬದಲಾಯಿಸೋದೇ ಇಲ್ಲ ಸಾರ್, ಗಾಡಿ ಇರೋವರೆಗೂ ಅದೇ’ ಎಂದು ಉತ್ತರ ಬಂತು. ಜರ್ಮನಿಯ ಜೆಡ್‌ಎಫ್ ಕಂಪನಿ ಗೇರ್‌ಬಾಕ್ಸ್ ಮಾಡುವುದರಲ್ಲಿ ಹೆಸರುವಾಸಿ. ಅದು ತನ್ನ ಆಟೋಮ್ಯಾಟಿಕ್ ಬಾಕ್ಸುಗಳಿಗೆ 80 ಸಾವಿರದಿಂದ 1 ಲಕ್ಷದ 20 ಸಾವಿರ ಕಿಲೋಮೀಟರ್ ಒಳಗೆ, ಇಲ್ಲವೇ 8 ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ ಅನ್ನುತ್ತದೆ. ಗೇರ್‌ಬಾಕ್ಸ್ ಮಾಡುವವರು ಬದಲಿಸಿ ಅಂದರೆ, ಕಾರು ಮಾರುವವರು ಬೇಡ ಅನ್ನುತ್ತಾರೆ. ಮಾರುವವರ ಮಟ್ಟಿಗೆ ವಾರಂಟಿ ಮುಗಿಯುವವರೆಗೆ ಗಾಡಿ ಓಡಿದರೆ ಅದೇ ದೀರ್ಘಾಯುಷ್ಯ.

ಇನ್ನು ಉಳಿದವನು ಊರಾಚೆ ಶೆಡ್ಡಿನ ಮೆಕ್ಯಾನಿಕ್ಕು. ಮೇಷ್ಟ್ರ ಹಳೇ ಶಿಷ್ಯ, ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಎರಡು ಸಲ ಫೇಲಾದವನು. ಅವನು ಕಾರು ನೋಡಿದ ರೀತಿ ಹೇಳಲೇಬೇಕು. ಬಾನೆಟ್ ಎತ್ತಿ ಮೊದಲು ಬ್ಯಾಟರಿ ವೋಲ್ಟೇಜ್ ನೋಡಿದ. ಬ್ಯಾಟರಿ ಸೋತಿದ್ದರೂ ಗೇರ್‌ಬಾಕ್ಸಿನ ಕಂಪ್ಯೂಟರು ಸುಮ್ನೆ ಗಾಬರಿಯಾಗುತ್ತದಂತೆ. ಆಮೇಲೆ ಇಂಜಿನ್ ಮೌಂಟಿಂಗ್ ಅಲ್ಲಾಡಿಸಿ ನೋಡಿದ, ಅದು ಹರಿದಿದ್ದರೂ ಏಟು ಬೀಳುತ್ತದೆ. ಸ್ಕ್ಯಾನರ್ ಹಾಕಿ, ಕಾರಿನ ಕಂಪ್ಯೂಟರು ಗುರುತು ಹಾಕಿಕೊಂಡಿದ್ದ ದೋಷದ ಕೋಡು ಬರೆದುಕೊಂಡ. ಕಾರನ್ನು ಒಂದು ಸುತ್ತು ಓಡಿಸಿ ಬಿಸಿ ಮಾಡಿ, ಲಿಫ್ಟಿನ ಮೇಲೆ ಎತ್ತಿ, ಕೆಳಗಿನ ಬೋಲ್ಟ್ ಬಿಚ್ಚಿ ಒಂದು ಲೋಟದಷ್ಟು ಆಯಿಲ್ ಇಳಿಸಿದ. ಕೆಂಪಗೆ ಇರಬೇಕಾದ ಆಯಿಲ್ಲು ಕಪ್ಪಗಾಗಿತ್ತು. ಬೆರಳಿನಲ್ಲಿ ತಿಕ್ಕಿ ಮೂಸಿ ನೋಡಿ ಮೇಷ್ಟ್ರ ಮೂಗಿಗೂ ಹಿಡಿದ. ಸೀದ ವಾಸನೆ. ಆದರೆ ತಳದಲ್ಲಿ ಲೋಹದ ಚೂರು ಸಿಗಲಿಲ್ಲ.

‘ಚೂರು ಇಲ್ಲ ಅಂದ್ರೆ ಒಳ್ಳೇದು ಮೇಷ್ಟ್ರೇ. ವಾಲ್ವ್ ಬಾಡಿಯ ಸೊಲೆನಾಯ್ಡ್, ಅಂದ್ರೆ ಒಳಗೆ ಆಯಿಲ್ ಬಿಡೋ ಕರೆಂಟಿನ ವಾಲ್ವು, ಕೈಕೊಟ್ಟಿರೋ ಹಾಗಿದೆ. ಎರಡು ದಿನ ಬಿಟ್ಟುಹೋಗಿ, ಬಿಚ್ಚಿ ನೋಡಿ ಹೇಳ್ತೀನಿ. ಪಾರ್ಟು ಬೆಂಗಳೂರಿಂದ ತರಿಸಬೇಕು. ಆಯಿಲ್ ಎಲ್ಲಾ ಸೇರಿ ಅರವತ್ತೈದರ ಒಳಗೆ ಆಗಬಹುದು. ಕ್ಲಚ್ ಪ್ಲೇಟು ಸುಟ್ಟಿದ್ರೆ ಜಾಸ್ತಿ ಆಗುತ್ತೆ, ಮೊದಲೇ ಫೋನ್ ಮಾಡ್ತೀನಿ.’

ಮೇಷ್ಟ್ರು ಮನೆಗೆ ಬಂದು ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಹಾಕಿದರು. ಸರಿಯಾಗಿ ಓಡುವ ಕಾರಿಗೆ ನಾಲ್ಕೂಕಾಲು ಲಕ್ಷ. ಹೀಗೇ ಕೊಟ್ಟರೆ ಎರಡೂಕಾಲು. ನಡುವಿನ ಅಂತರ ಎರಡು ಲಕ್ಷ. ಕಂಪನಿಯವರ ಮೂರು ಲಕ್ಷದ ಹತ್ತು ಸಾವಿರಕ್ಕೆ ಮಾಡಿಸಿದರೆ ಹುಚ್ಚು. ಹುಡುಗನ ಅರವತ್ತೈದು ಸಾವಿರಕ್ಕೆ ಮಾಡಿಸದಿದ್ದರೆ ಅದೂ ಹುಚ್ಚು. ಇಂಜಿನ್ ಚೆನ್ನಾಗಿದೆ, ತಗಡು ತುಕ್ಕು ಹಿಡಿದಿಲ್ಲ, ಆರ್.ಸಿ. 15 ವರ್ಷದ್ದು, ಇನ್ನೂ 7 ವರ್ಷ ಬಾಕಿ. ಖರ್ಚು ಲಕ್ಷ ದಾಟುವ ಹಾಗಿದ್ದರೆ ಮತ್ತೆ ಕೂತು ಯೋಚಿಸುವುದು. ಐದು ಮಾರ್ಕಿನ ಲೆಕ್ಕ, ಮುಗಿಯಿತು.

ಮನೆಯಲ್ಲಿ ಮುಗಿಯಲಿಲ್ಲ. ‘ರೀ, ಗಣಿತದಲ್ಲಿ ಫೇಲಾದವನು ಎಸ್ಟಿಮೇಟ್ ಕೊಡ್ತಾನಾ?’ ಅಂದರು ಮನೆಯವರು. ಶೆಡ್ಡಿನವನ ಮೇಲೆ ಊರಿಗೇ ನಂಬಿಕೆ ಇಲ್ಲ, ಕಾರಣವೂ ಸರಿಯಾಗಿಯೇ ಇದೆ: ಅವನು ‘ನೋಡಿ ಹೇಳ್ತೀನಿ’ ಅನ್ನುತ್ತಾನೆ. ಟ್ಯಾಬಿನವನು ನೋಡದೆಯೇ ಹೇಳಿದ, ಎಷ್ಟು ಬುದ್ಧಿವಂತನಿರಬೇಕು! ಅಷ್ಟರಲ್ಲಿ ಮೇಷ್ಟ್ರ ಭಾವಮೈದ ಬಂದ. ಕಾಫಿಗೆ ಒಳ್ಳೆ ರೇಟು ಬಂದ ಮೇಲೆ ಇವನ ಮಾತಿಗೂ ರೇಟು ಏರಿದೆ.

‘ಭಾವ, ಹಳೇ ಗಾಡಿಗೆ ಅರವತ್ತೈದು ಸಾವಿರ ಸುರಿಯೋದಾ? ದಾಟಿಸಿ ಬಿಸಾಕಿ. ಹದಿನಾಲ್ಕು ಲಕ್ಷಕ್ಕೆ ಹೊಸದು ಬರುತ್ತೆ. ತಿಂಗಳಿಗೆ ಹದಿನೆಂಟು ಸಾವಿರ ಇಎಂಐ ಅಷ್ಟೇ, ಏಳು ವರ್ಷ. ಸಾಲ ಮಗನ ಹೆಸರಲ್ಲಿ ಮಾಡ್ಸಿ.’

ಅರವತ್ತೈದು ಸಾವಿರ ‘ಸುರಿಯೋದು’, ಹದಿನಾಲ್ಕು ಲಕ್ಷ ‘ಅಷ್ಟೇ’. ನಾಲ್ಕು ಕಂತಿನ ದುಡ್ಡಿಗೆ ಗೇರ್‌ಬಾಕ್ಸು ಸರಿಯಾಗಿ ಚಿಲ್ಲರೆಯೂ ಉಳಿಯುತ್ತಿತ್ತು. ಇನ್ನು ರೋಡ್ ಟ್ಯಾಕ್ಸ್. 10 ಲಕ್ಷ ದಾಟಿ 20 ಲಕ್ಷದೊಳಗಿರುವ ಕಾರಿಗೆ ನಮ್ಮ ರಾಜ್ಯದಲ್ಲಿ ಶೇಕಡಾ 17. ಹದಿನಾಲ್ಕು ಲಕ್ಷಕ್ಕೆ 2 ಲಕ್ಷದ 38 ಸಾವಿರ, ಸೆಸ್ ಬೇರೆ. ಅಂದರೆ ಬರೀ ತೆರಿಗೆಯಲ್ಲೇ ಮೇಷ್ಟ್ರ ಗೇರ್‌ಬಾಕ್ಸನ್ನು ಮೂರು ಸಲ ರಿಪೇರಿ ಮಾಡಿಸಬಹುದು. ಆ ತೆರಿಗೆ ಕಟ್ಟಿ ಓಡಿಸುವ ರಸ್ತೆಯಲ್ಲಾದರೂ ಏನಿದೆ? ಗುಂಡಿ. ಈ ಆಫೀಸಿಗೆ ಹೋದರೆ ಗುಂಡಿ ಆ ಆಫೀಸಿಗೆ ಸೇರಿದ್ದು. ಅಲ್ಲಿಗೆ ಹೋದರೆ ಅರ್ಧ ಗುಂಡಿ ಮಾತ್ರ ತಮ್ಮದು, ಉಳಿದರ್ಧ ಪೈಪ್ ಹಾಕಿದವರದ್ದು. ಗುಂಡಿಯನ್ನೂ ಯಾರೂ ಮುಚ್ಚುವುದಿಲ್ಲ ನೋಡಿ, ದಾಟಿಸುತ್ತಾರೆ. ನಾವು ಸರ್ಕಾರದಿಂದ ಕಲಿತೆವೋ, ಸರ್ಕಾರ ನಮ್ಮಿಂದ ಕಲಿತಿತೋ.

ಸರಿ, ದಾಟಿಸುವುದು ಅಂತ ತೀರ್ಮಾನವಾಯಿತು. ಮೊದಲು ಬೆಂಗಳೂರಿನ ಆ್ಯಪ್ ಒಂದರ ಕಡೆಯ ಹುಡುಗ ಬಂದ. ಇನ್ನೂರು ಅಂಶ ತಪಾಸಣೆ ಮಾಡುತ್ತಾರಂತೆ. ಟೈರಿನ ಗುಳಿ ಅಳೆದ, ಬಾಗಿಲ ಗೀರು ಎಣಿಸಿದ, ಸೀಟಿನ ಕೆಳಗೆ ಟಾರ್ಚ್ ಬಿಟ್ಟ, ಹಿಂದಿನ ವೈಪರಿನ ಫೋಟೊ ತೆಗೆದ. ಬೀದಿಯ ತುದಿಯವರೆಗೆ ಓಡಿಸಿ ವಾಪಸ್ ಬಂದು ಗೇರ್‌ಬಾಕ್ಸಿನ ಎದುರು ‘ಓಕೆ’ ಅಂತ ಒತ್ತಿದ. ಅಷ್ಟು ದೂರಕ್ಕೆ ಮೂರನೇ ಗೇರೇ ಬಿದ್ದಿರಲಿಲ್ಲ. ರೇಟು ಕಮ್ಮಿ ಹೇಳಿದ್ದು ಬಾಗಿಲ ಗೀರಿಗೆ.

ಆಮೇಲೆ ಬ್ರೋಕರ್ ಬಂದ. ಇವನು ನಿಜವಾದ ತಜ್ಞ. ಸರ್ವಿಸ್ ಸೆಂಟರಿಗೆ ಗೊತ್ತಿಲ್ಲದ್ದೆಲ್ಲ ಇವನಿಗೆ ಗೊತ್ತು.

‘ಗಿರಾಕಿನ ಬೆಳಿಗ್ಗೆ ಏಳಕ್ಕೆ ಕರೀತೀನಿ ಸಾರ್. ತಣ್ಣಗಿದ್ದಾಗ ಆಯಿಲ್ ಮಂದ ಇರುತ್ತೆ, ಪ್ರೆಷರ್ ನಿಲ್ಲುತ್ತೆ, ಜಗ್ಗಲ್ಲ. ಹಿಂದಿನ ದಿನ ಕೋಡ್ ಅಳಿಸಿಬಿಡ್ತೀನಿ, ದೀಪ ಆರುತ್ತೆ. ಟ್ರಯಲ್‌ಗೆ ಎಐಟಿ ಸರ್ಕಲ್ ಕಡೆ ಹೋಗೋದು. ಕೈಮರದ ಕಡೆ ಬೇಡ.’

‘ಅವರೇ ಕೈಮರದ ಕಡೆ ಅಂದ್ರೆ?’

‘ಟೂರಿಸ್ಟ್ ಜಾಮ್ ಅನ್ನೋದು ಸಾರ್.’

‘ಬುಧವಾರ?’

‘ಬುಧವಾರನೂ ಟೂರಿಸ್ಟೇ ಸಾರ್.’

ಜೊತೆಗೆ ಗಾಡಿಯ ಮಾಲೀಕರ ಹೆಸರು ಬದಲಿಸುವ ಎರಡು ಫಾರಂ ಮುಂದಿಟ್ಟ, 29 ಮತ್ತು 30. ಸಹಿ ಮಾಡಿ ಖಾಲಿ ಬಿಡಬೇಕಂತೆ. ಕಾನೂನಿನ ಪ್ರಕಾರ ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಯಾರ ಹೆಸರಿನಲ್ಲಿ ನೋಂದಣಿ ಇದೆಯೋ ಅಪಘಾತದ ಪರಿಹಾರಕ್ಕೆ ಅವರೇ ಹೊಣೆ ಅಂತ ಸುಪ್ರೀಂ ಕೋರ್ಟೇ 2018ರಲ್ಲಿ ಹೇಳಿದೆ. ಅದೂ ಎಂಥ ಪ್ರಕರಣ ಅಂತೀರಿ, ಕಾರು ಒಬ್ಬರಿಂದ ಒಬ್ಬರಿಗೆ ನಾಲ್ಕಾರು ಕೈ ದಾಟಿದ ಮೇಲೆ ಗುದ್ದಿದ್ದು. ಸಿಕ್ಕಿಹಾಕಿಕೊಂಡವರು ಮೊದಲನೆಯವರು. ಮೇಷ್ಟ್ರು ಇದನ್ನು ಹೇಳಿದಾಗ ಬ್ರೋಕರ್ ಬಹಳ ವಿನಯದಿಂದ ಕೇಳಿಸಿಕೊಂಡು, ‘ನಮ್ಮ ಕಡೆ ಹಂಗೆಲ್ಲ ಆಗಲ್ಲ ಸಾರ್’ ಅಂದ.

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಹಾಸನದಿಂದ ಗಿರಾಕಿ ಬಂದರು. ತಣ್ಣನೆಯ ಕಾರು ಎಐಟಿ ಸರ್ಕಲ್‌ವರೆಗೆ ಹೋಗಿ ಬೆಣ್ಣೆಯ ಹಾಗೆ ವಾಪಸ್ ಬಂತು. ಬ್ರೋಕರ್ ಮುಖ ಅರಳಿತು. ಆದರೆ ಮೂವತ್ತು ವರ್ಷ ಮಕ್ಕಳಿಗೆ ಕಾಪಿ ಹೊಡೀಬೇಡ್ರೋ ಅಂದ ಬಾಯಿ, ಸುಮ್ಮನಿರಲಿಲ್ಲ.

‘ನೋಡಿ, ಒಂದು ಮಾತು ಹೇಳಿಬಿಡ್ತೀನಿ. ಬಿಸಿಯಾದ ಮೇಲೆ ಎರಡರಿಂದ ಮೂರಕ್ಕೆ ಜಗ್ಗುತ್ತೆ.’

ಬ್ರೋಕರ್ ಕಾಂಪೌಂಡ್ ಕಡೆ ಮುಖ ತಿರುಗಿಸಿಕೊಂಡ. ಗಿರಾಕಿ ಮಾತ್ರ ಅಲ್ಲಾಡಲಿಲ್ಲ.

‘ಗೊತ್ತು ಸಾರ್. ನಾನೇನು ಇಟ್ಕೊಳ್ಳೋಕೆ ತಗೊಳ್ತಿದೀನಾ? ಫಾರಂ ಮೇಲೆ ತಾರೀಕು ಹಾಕಬೇಡಿ, ಅಷ್ಟು ಮಾಡಿ. ಆಮೇಲೆ ನೀವು ಬಾಯಿಬಿಟ್ಟು ಹೇಳಿಬಿಟ್ರಲ್ಲ, ಅದಕ್ಕೆ ಹತ್ತು ಸಾವಿರ ಕಮ್ಮಿ ಮಾಡಿ. ಅರಸೀಕೆರೆಯವರಿಗೆ ನಾನು ಹೇಳಲ್ಲ, ಅವರಿಗೆ ಫುಲ್ ರೇಟು.’