ಕ್ಯಾನ್ಸರ್ ತಡವಾಗಿ ಗೊತ್ತಾದರೆ ಹೊಣೆ ಯಾರದ್ದು?

ಮೂರು ವಾರ ಕಳೆದರೂ ಮಾಯದ ಬಾಯಿಹುಣ್ಣನ್ನು ಪರೀಕ್ಷೆ ಮಾಡಿಸಲೇಬೇಕು. ಡಾಕ್ಟರುಗಳಿಗೆ ಇದು ಹೊಸ ವಿಷಯ ಅಲ್ಲ. ಆದರೂ ಗುಟ್ಕಾ ಹಾಕುವವರು ಎಷ್ಟೋ ಜನ "ಉಷ್ಣ ಆಗಿದೆ, ಬಿ ಕಾಂಪ್ಲೆಕ್ಸ್ ತಗೊಳ್ಳಿ" ಅನ್ನೋ ಮಾತು ಕೇಳಿಕೊಂಡೇ ತಿಂಗಳುಗಟ್ಟಲೆ ಕಳೆಯುತ್ತಾರೆ. ಬಯಾಪ್ಸಿ, ಅಂದರೆ ಚೂರು ಮಾಂಸ ತೆಗೆದು ಮಾಡುವ ಪರೀಕ್ಷೆ, ಆಗುವ ಹೊತ್ತಿಗೆ ಕ್ಯಾನ್ಸರ್ ಕುತ್ತಿಗೆಗೆ ಹಬ್ಬಿರುತ್ತದೆ.

ಆ ಡಾಕ್ಟರ್ ಮೇಲೆ ಕೇಸ್ ಹಾಕಬಹುದಾ? ಹಾಕಬಹುದು. ದುಡ್ಡು ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾನೂನಿಗೆ ಬರುತ್ತದೆ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಆದರೆ ತಡವಾಯ್ತು ಅಂದರಷ್ಟೇ ಸಾಲದು. ಸಾಮಾನ್ಯ ತಿಳಿವಳಿಕೆ ಇರುವ ಯಾವ ಡಾಕ್ಟರೂ ಹಾಗೆ ಬಿಡುತ್ತಿರಲಿಲ್ಲ, ಆ ತಡದಿಂದಲೇ ಹಾನಿಯಾಯ್ತು ಅಂತ ತೋರಿಸಬೇಕು.

ಈ ಎರಡನೆಯದು ತುಂಬಾ ಕಷ್ಟ. ಇಂಗ್ಲೆಂಡಿನಲ್ಲಿ ಒಬ್ಬರ ಕಂಕುಳಲ್ಲಿದ್ದ ಗಂಟನ್ನು ಡಾಕ್ಟರ್ ಬರೀ ಕೊಬ್ಬು ಅಂದುಬಿಟ್ಟರು. ಅದು ಕ್ಯಾನ್ಸರ್. ಸುಮಾರು ಒಂಬತ್ತು ತಿಂಗಳು ಹಾಳಾಯ್ತು. ವಾಸಿಯಾಗುವ ಸಾಧ್ಯತೆ ಶೇ. 42ರಿಂದ 25ಕ್ಕೆ ಇಳಿಯಿತು. 2005ರಲ್ಲಿ ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್‌ನ ಐವರು ನ್ಯಾಯಮೂರ್ತಿಗಳಲ್ಲಿ ಮೂವರು ಪರಿಹಾರ ಇಲ್ಲ ಅಂದರು. ಮೊದಲೇ ಸಾಧ್ಯತೆ ಅರ್ಧಕ್ಕಿಂತ ಕಡಿಮೆ ಇತ್ತಲ್ಲ, ತಡ ಆಗದಿದ್ದರೂ ವಾಸಿಯಾಗುತ್ತಿತ್ತು ಅಂತ ಹೇಗೆ ನಂಬೋದು ಅನ್ನುವ ಲೆಕ್ಕ. ನನಗೆ ಇದು ಒಪ್ಪಿಗೆಯಾಗುವುದಿಲ್ಲ. ಕಳೆದುಹೋದ ಆ ಶೇ. 17 ಕೂಡ ಅವರದೇ ಬದುಕು ಅಲ್ವಾ?

ನಮ್ಮಲ್ಲಿ ತೊಂದರೆ ಇನ್ನೂ ಮೊದಲೇ ಶುರುವಾಗುತ್ತದೆ. ಓಪಿಡಿ ಚೀಟಿ ತೆಗೆದು ನೋಡಿ. ತಾರೀಖು, ಎರಡು ಮಾತ್ರೆ ಹೆಸರು, ಒಂದು ಗೀಚು ಸಹಿ. ಗಂಟು ಎಲ್ಲಿತ್ತು, ಎಷ್ಟು ದೊಡ್ಡದಿತ್ತು, ಎಷ್ಟು ದಿನದಿಂದ ಇತ್ತು, ಒಂದೂ ಇರುವುದಿಲ್ಲ. ದಾಖಲೆಯನ್ನು ಮೂರು ವರ್ಷ ಇಡಬೇಕು ಅನ್ನುವ 2002ರ ವೈದ್ಯಕೀಯ ಮಂಡಳಿ ನಿಯಮ ಇರುವುದು ಒಳರೋಗಿಗಳಿಗೆ. ಕ್ಯಾನ್ಸರ್ ಕೈತಪ್ಪುವುದು ಜಾಸ್ತಿ ಓಪಿಡಿಯಲ್ಲೇ! ಆ ನಿಯಮ ಓಪಿಡಿಗೂ ಬರಬೇಕು. ಪ್ರತಿಯೊಬ್ಬರಿಗೂ ಬಯಾಪ್ಸಿ ಮಾಡಿ ಅಂತ ನಾನು ಹೇಳುತ್ತಿಲ್ಲ. ನೋಡಿದ್ದನ್ನು ಬರೆದಿಡಿ ಅಂತಿದ್ದೇನೆ. ಸರಿಯಾಗಿ ನೋಡಿದ ಡಾಕ್ಟರನ್ನು ಕಾಪಾಡುವುದೂ ಅದೇ ಬರಹ.

ಅಲ್ಲಿಯವರೆಗೆ ಡಾಕ್ಟರ್ ಮುಂದೆ ಕೂತಾಗಲೇ ಕೇಳಿ: "ಸಾರ್, ಗಂಟಿನ ವಿಷಯ ಚೀಟಿಯಲ್ಲಿ ಬರೆದುಕೊಡಿ." ಅಡ್ಮಿಟ್ ಆಗಿದ್ದರೆ ದಾಖಲೆಯ ಪ್ರತಿ ಕೇಳಿ, 72 ಗಂಟೆಯೊಳಗೆ ಕೊಡಬೇಕು. ಗ್ರಾಹಕ ಆಯೋಗಕ್ಕೆ ದೂರು ಕೊಡಲು ಇರುವುದು ಎರಡು ವರ್ಷ. ಕೀಮೋಗೆ ಓಡಾಡುವುದರಲ್ಲೇ ಅದು ಮುಗಿದುಹೋಗುತ್ತದೆ. ಹಾಗಾಗಿ ಮನೆಯಲ್ಲಿ ಒಬ್ಬರು ಚೀಟಿ, ಸ್ಕ್ಯಾನ್, ಬಿಲ್ಲು ಎಲ್ಲ ತಾರೀಖಿನ ಪ್ರಕಾರ ಜೋಡಿಸಿಕೊಂಡು ಬೇಗ ವಕೀಲರನ್ನು ನೋಡಲಿ.