ಮೋಡದಲ್ಲಿ ಸಿಕ್ಕಿಕೊಂಡ ಒಲೆದೇವರು

ಚೀನಾದ ಒಲೆದೇವರು ಜಾವೊ ಜುನ್ ವರ್ಷವಿಡೀ ಅಡುಗೆಮನೆ ಗೋಡೆಗೆ ಅಂಟಿಸಿದ ಮರದಚ್ಚಿನ ಬಣ್ಣದ ಚಿತ್ರದಲ್ಲಿ ಕೂತು ಮನೆಯವರ ಜಗಳ, ಸುಳ್ಳು, ಹೊಟ್ಟೆಕಿಚ್ಚು ಎಲ್ಲ ನೋಡುತ್ತಾನೆ. ಚಾಂದ್ರಮಾನ ವರ್ಷದ ಕೊನೇ ವಾರ ಬಂತೆಂದರೆ ಸ್ವರ್ಗಕ್ಕೆ ಹೋಗಿ ಅಲ್ಲಿನ ದೊರೆ ಜೇಡ್ ಚಕ್ರವರ್ತಿಗೆ ಎಲ್ಲವನ್ನೂ ಒಪ್ಪಿಸಬೇಕು. ಮನೆಯವರೇನು ಕಮ್ಮಿಯೇ? ಹೊರಡುವ ಮೊದಲು ಅವನ ಬಾಯಿಗೆ ಅಂಟುಅಂಟಾದ ಸಿಹಿ ಸವರುತ್ತಾರೆ. ಮಾತಾಡಿದರೆ ಸಿಹಿಯಾಗಿ ಮಾತಾಡಲಿ, ಇಲ್ಲವೇ ಬಾಯೇ ಬಿಡದಿರಲಿ. ಆಮೇಲೆ ಚಿತ್ರಕ್ಕೆ ಬೆಂಕಿ. ಹೊಗೆಯ ಜೊತೆ ದೇವರು ಮೇಲಕ್ಕೆ. ಹೊಸ ವರ್ಷಕ್ಕೆ ಹೊಸ ಹಾಳೆ.

ಪ್ರತಿ ವರ್ಷ ಸುಡುವುದರಿಂದಲೇ ಪ್ರತಿ ವರ್ಷ ಅಚ್ಚು ಹಾಕುವವನಿಗೆ ಕೆಲಸ. ಅಂಥ ದೇವರನ್ನು ಈಗ ಸ್ಕ್ಯಾನರ್ ಮೇಲೆ ಅಂಗಾತ ಮಲಗಿಸಿ ‘ಶಾಶ್ವತವಾಗಿ’ ಉಳಿಸುತ್ತಿದ್ದಾರೆ. ಸ್ವರ್ಗಕ್ಕೆ ಹೊರಟವನು ಕ್ಲೌಡ್‌ನಲ್ಲೇ ಸಿಕ್ಕಿಕೊಂಡಿದ್ದಾನೆ.

ಮನೆ ಕಾಯಲೆಂದು ಬಾಗಿಲಿಗೆ ಅಂಟಿಸುವ ಬಾಗಿಲ ದೇವರುಗಳ ಕಥೆಯೂ ಅಷ್ಟೇ. ಚಿನ್ ಚಿಯೊಂಗ್, ಯುಚಿ ಗೊಂಗ್ ಇಬ್ಬರೂ ತಾಂಗ್ ರಾಜವಂಶದ ಚಕ್ರವರ್ತಿಯನ್ನು ದೆವ್ವಗಳಿಂದ ಕಾಯ್ದ ಸೇನಾನಿಗಳು ಅನ್ನೋದು ಪ್ರತೀತಿ. ಈಗ ಅವರನ್ನು ಕಾಯೋಕೆ ಒಂದು ಪಾಸ್‌ವರ್ಡ್ ಬೇಕು.

1966ರಲ್ಲಿ ಮಾವೋ ಶುರುಮಾಡಿದ ಸಾಂಸ್ಕೃತಿಕ ಕ್ರಾಂತಿಯಲ್ಲಿ ಈ ಚಿತ್ರಗಳ ಮರದ ಅಚ್ಚುಗಳನ್ನೇ ‘ಹಳೇ ಕಸ’ ಅಂತ ಸುಟ್ಟರು, ಒಡೆದರು. 2006ರಲ್ಲಿ ಅದೇ ಕಲೆ ರಾಷ್ಟ್ರೀಯ ಪರಂಪರೆಯ ಪಟ್ಟಿ ಸೇರಿತು. ಸುಡಬಾರದ ಅಚ್ಚನ್ನು ಸುಟ್ಟಾಯಿತು. ಸುಡಲೆಂದೇ ಮಾಡಿದ ಹಾಳೆಗೆ ಈಗ ಕಡ್ಡಿ ಗೀರುವ ಹಾಗಿಲ್ಲ!

ಸ್ಕ್ಯಾನ್ ಬೇಡ ಅಂತಲ್ಲ. ಅಚ್ಚು ಹಾಳಾದರೆ ಗೆರೆಯಾದರೂ ಉಳಿದಿರುತ್ತೆ, ಒಪ್ಪಿದೆ. ಆದರೆ ಈ ಚಿತ್ರಗಳಿಗೆ ಹೆಸರಾದ, ತಿಯಾನ್‌ಜಿನ್ ಬಳಿಯ ಯಾಂಗ್‌ಲಿಯುಚಿಂಗ್‌ನಲ್ಲಿ ಅಚ್ಚಿನಿಂದ ಬರುವುದು ಮುಖ್ಯವಾಗಿ ಗೆರೆ. ಮುಖಕ್ಕೆ ಬಣ್ಣ ತುಂಬುವುದು ಕುಂಚ ಹಿಡಿದ ಕೈ. ಮೀನು ತಬ್ಬಿಕೊಂಡ ಗುಂಡು ಮಗುವಿನ ಕೆನ್ನೆ ಒಂದು ಹಾಳೆಯಲ್ಲಿ ತೆಳು ಕೆಂಪು, ಇನ್ನೊಂದರಲ್ಲಿ ಸ್ವಲ್ಪ ಜಾಸ್ತಿ. ಕಂಪ್ಯೂಟರಿಗೆ ಒಂದು ಮಗು ಸಾಕು. ಮಿಕ್ಕಿದ್ದೆಲ್ಲ ಕಾಪಿ, ಪೇಸ್ಟ್. ಅಂದ ಹಾಗೆ, ಚೀನೀ ಭಾಷೆಯಲ್ಲಿ ಮೀನಿಗೂ ‘ಯು’, ಮಿಗುವುದಕ್ಕೂ ‘ಯು’. ವರ್ಷ ವರ್ಷವೂ ಮನೆಯಲ್ಲಿ ಮಿಗಲಿ ಅನ್ನೋದು ಆ ಚಿತ್ರದ ಹಾರೈಕೆ. ಹಾರ್ಡ್ ಡಿಸ್ಕ್‌ನಲ್ಲಂತೂ ಬೇಕಾದಷ್ಟು ಮಿಕ್ಕಿದೆ. ಕುಂಚ ಹಿಡಿದವರ ಮನೆಯಲ್ಲಿ?

ಆ ಲೆಕ್ಕವನ್ನೂ ಒಲೆದೇವರೇ ಹೇಳಬೇಕು. ಒಂದೇ ಭಯ. ಗಾಜು ಅಂಟಾಗುತ್ತೆ ಅಂತ ಸ್ಕ್ಯಾನ್ ಮಾಡುವಾಗ ಅವನ ಬಾಯಿಗೆ ಯಾರೂ ಸಿಹಿ ಸವರಿಲ್ಲ.