ಹೆಸರು ಹೇಳದ ಪ್ರೊಟೆಸ್ಟ್ ಸಾಂಗು ಯಾರಿಗೆ ಬೇಕು?

ರಾಕ್‌ನಲ್ಲಿ ಒಳ್ಳೆ ಪ್ರೊಟೆಸ್ಟ್ ಸಾಂಗ್ ಯಾವುದು ಅಂತ ಯಾರಾದ್ರೂ ಕೇಳಿದ್ರೆ ಸಾಕು, ಅದೇ ಹಳೇ ಲಿಸ್ಟ್ ಬರುತ್ತೆ. ಯುದ್ಧ ಬೇಡ, ಶಾಂತಿ ಬೇಕು, ನಾವೆಲ್ಲ ಒಂದೇ, ನಾಳೆ ಒಳ್ಳೇದಾಗುತ್ತೆ. ಸರಿ ಸ್ವಾಮಿ, ಯಾರು ಬೇಡ ಅಂದ್ರು? ಬಾಂಬ್ ಹಾಕ್ಸೋನೂ ಮೈಕ್ ಸಿಕ್ಕಿದ್ರೆ ಶಾಂತಿ ಬಗ್ಗೆನೇ ಮಾತಾಡೋದು. ಯಾವ ಊರಲ್ಲಿ ಏನಾಯ್ತು, ಗುಂಡು ಹಾರಿಸಿದ್ದು ಯಾರು, ಅವರನ್ನ ಅಲ್ಲಿಗೆ ಕಳಿಸಿದ್ದು ಯಾರು, ಇದ್ಯಾವುದನ್ನೂ ಹೇಳದೇ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಹಾಡಿದ್ರೆ ಆ ಬೆಳಕು ಎರಡೂ ಕಡೆಯವರಿಗೂ ಬೀಳುತ್ತೆ, ಆಮೇಲೆ ನಮ್ಮ ಹಾಡನ್ನ ಅವರು ಎತ್ಕೊಂಡು ಹೋದ್ರು ಅಂತ ಬಾಯಿ ಬಡ್ಕೊಂಡ್ರೆ ಏನು ಪ್ರಯೋಜನ.

ಇದನ್ನ ರಾಕ್ ಹಾಡುಗಾರ ನೀಲ್ ಯಂಗ್ ಒಬ್ಬನನ್ನೇ ಇಟ್ಕೊಂಡು ಹೇಳ್ತೀನಿ. ಯಾಕಂದ್ರೆ ಈ ಮನುಷ್ಯ ಎರಡೂ ಥರದ್ದು ಬರೆದಿದ್ದಾನೆ, ಎರಡರ ಫಲಾನೂ ಉಂಡಿದ್ದಾನೆ.

ಮೊದಲು 'ಓಹಾಯೋ'. 1970 ಏಪ್ರಿಲ್ 30ಕ್ಕೆ ಅಮೆರಿಕದ ಅಧ್ಯಕ್ಷ ನಿಕ್ಸನ್ ಟೀವಿಲಿ ಬಂದು ನಮ್ಮ ಸೇನೆ ಕಾಂಬೋಡಿಯಾ ಒಳಗೂ ಹೋಗ್ತಿದೆ ಅಂತಾನೆ, ವಿಯೆಟ್ನಾಂ ಯುದ್ಧ ಮುಗಿಸ್ತೀನಿ ಅಂತ ಹೇಳ್ಕೊಂಡು ಗೆದ್ದು ಬಂದವನು. ಕಾಲೇಜುಗಳೆಲ್ಲ ಹೊತ್ಕೊಂಡು ಉರಿಯೋಕೆ ಶುರು. ಓಹಾಯೋ ರಾಜ್ಯದ ಕೆಂಟ್ ಸ್ಟೇಟ್ ಯೂನಿವರ್ಸಿಟಿಗೆ ರಾಜ್ಯದ ಮೀಸಲು ಸೇನೆ ನ್ಯಾಷನಲ್ ಗಾರ್ಡ್‌ನ ಕರೆಸ್ತಾರೆ. ಮೇ 4, ಸೋಮವಾರ, ಮಧ್ಯಾಹ್ನದ ಹೊತ್ತು, ಗಾರ್ಡ್‌ನವರು ವಿದ್ಯಾರ್ಥಿಗಳ ಕಡೆ ಬಂದೂಕು ತಿರುಗಿಸಿ 13 ಸೆಕೆಂಡ್ ಗುಂಡು ಹಾರಿಸಿದ್ರು. ನಾಲ್ಕು ಜನ ಸತ್ತರು, ಒಂಬತ್ತು ಜನಕ್ಕೆ ಗಾಯ. ಸತ್ತವರಲ್ಲಿ ಇಬ್ಬರು ಪ್ರತಿಭಟನೆಗೆ ಬಂದವರೇ ಅಲ್ಲ. ಒಬ್ಬಳು, ಸ್ಯಾಂಡ್ರಾ ಶೂಯರ್ ಅಂತ, ಪಾಪ ಕ್ಲಾಸಿಗೆ ಹೋಗ್ತಾ ಇದ್ಲು.

ಲೈಫ್ ಪತ್ರಿಕೆಲಿ ಬಂದ ಫೋಟೋಗಳನ್ನ ನೋಡಿ ಯಂಗ್ ಹಾಡು ಬರೆದ. ಮೇ 21ಕ್ಕೆ ಲಾಸ್ ಏಂಜಲೀಸ್‌ನಲ್ಲಿ ತನ್ನ ಬ್ಯಾಂಡಿನ ಕ್ರಾಸ್ಬಿ, ಸ್ಟಿಲ್ಸ್, ನ್ಯಾಶ್ ಜೊತೆ ಸ್ಟುಡಿಯೋಲಿ ನಿಂತ್ಕೊಂಡು ಲೈವ್ ಆಗಿ ರೆಕಾರ್ಡ್ ಮಾಡಿದ್ರು, ಜೂನ್‌ನಲ್ಲಿ ಸಿಂಗಲ್ ಅಂಗಡಿಗೆ ಬಂತು. ಇವತ್ತಿನ ಯೂಟ್ಯೂಬ್ ಕಾಲದಲ್ಲಿ ಇದು ದೊಡ್ಡ ವಿಷಯ ಅನ್ಸಲ್ಲ, ಆದ್ರೆ ಪ್ಲೇಟ್ ಪ್ರೆಸ್ ಮಾಡಿ ದೇಶಕ್ಕೆಲ್ಲ ಹಂಚ್ಬೇಕಿದ್ದ ಕಾಲದಲ್ಲಿ ಇದು ಹೆಚ್ಚೂಕಡಿಮೆ ಪೇಪರ್ ಸ್ಪೀಡು. ಅದೂ ತಮ್ಮದೇ ಬ್ಯಾಂಡಿನ ಇನ್ನೊಂದು ಹಾಡು, ನ್ಯಾಶ್ ಬರೆದ 'ಟೀಚ್ ಯುವರ್ ಚಿಲ್ಡ್ರನ್', ಚಾರ್ಟಲ್ಲಿ ಮೇಲೆ ಹೋಗ್ತಾ ಇರೋವಾಗ. ತಮ್ಮ ಹಿಟ್ ಕಾಲಿಗೆ ತಾವೇ ಅಡ್ಡ ಹಾಕ್ಕೊಂಡು ಇದನ್ನ ಬಿಟ್ರು.

ಹಾಡು ಕೇಳಿ ಒಂದ್ಸಲ. ಗಿಟಾರಿನ ಮೇಲಿನ ಕೆಳಗಿನ ಎರಡೂ ತಂತಿನ ಡಿ ಸ್ವರಕ್ಕೆ ಇಳಿಸಿ ನುಡಿಸಿರೋದು, ಅದಕ್ಕೇ ಆ ಮೊದಲ ರಿಫ್, ಅಂದ್ರೆ ಮತ್ತೆ ಮತ್ತೆ ಬರೋ ಗಿಟಾರ್ ತುಣುಕು, ನೆಲದಿಂದ ಎದ್ದು ಬಂದ ಹಾಗಿರುತ್ತೆ, ಹಿಂದೆ ಡ್ರಮ್ಮು ಕವಾಯತಿನ ಹೆಜ್ಜೆ ಥರ. ಒಟ್ಟು ಸಾಹಿತ್ಯ ಒಂದು ಹತ್ತು ಸಾಲು ಇರಬಹುದು ಅಷ್ಟೇ, ಅದನ್ನೇ ತಿರುಗಿಸಿ ತಿರುಗಿಸಿ ಹಾಡ್ತಾರೆ. ಆದ್ರೆ ಮೊದಲನೇ ಸಾಲಲ್ಲೇ ನಿಕ್ಸನ್ ಹೆಸರು ಬಂತು. ನಾಲ್ಕನೇ ಸಾಲಿಗೆ ಎಷ್ಟು ಹೆಣ, ಯಾವ ರಾಜ್ಯ ಅಂತ ಬಂತು. ರೂಪಕ ಇಲ್ಲ, ಪಾರಿವಾಳ ಇಲ್ಲ. ಕೊನೇಲಿ ಡೇವಿಡ್ ಕ್ರಾಸ್ಬಿ 'ಇನ್ನೂ ಎಷ್ಟು ಜನ' ಅಂತ ಕಿರುಚ್ತಾನಲ್ಲ, ಅದು ಹಾಡುಗಾರಿಕೆನೇ ಅಲ್ಲ, ರೆಕಾರ್ಡಿಂಗ್ ಮುಗಿದ್ಮೇಲೆ ಅವನು ಅತ್ತುಬಿಟ್ಟನಂತೆ. ಎಷ್ಟೋ ಎಎಂ ರೇಡಿಯೋ ಸ್ಟೇಷನ್‌ನವರು ಅಧ್ಯಕ್ಷರ ಹೆಸರಿದೆ ಅಂತ ಹಾಕೋಕೆ ಒಪ್ಪಲಿಲ್ಲ, ಎಫ್‌ಎಂನವರು ಹಾಕಿದ್ರು, ಹಾಡು ಬಿಲ್‌ಬೋರ್ಡ್‌ನಲ್ಲಿ, ಅಂದ್ರೆ ಅಮೆರಿಕದ ಹಿಟ್ ಹಾಡುಗಳ ಪಟ್ಟೀಲಿ, 14ನೇ ಸ್ಥಾನದವರೆಗೂ ಹೋಯ್ತು.

ಇಲ್ಲೊಂದು ಮುಳ್ಳಿದೆ, ಅದನ್ನ ಮುಚ್ಚಿಡೋದು ಬೇಡ. ಕೆಂಟ್ ಸ್ಟೇಟ್ ಆಗಿ ಹನ್ನೊಂದನೇ ದಿನಕ್ಕೆ, ಮೇ 15ರ ಮಧ್ಯರಾತ್ರಿ ಕಳೆದ ಮೇಲೆ, ಮಿಸಿಸಿಪ್ಪಿಯ ಜ್ಯಾಕ್ಸನ್ ಸ್ಟೇಟ್ ಕಾಲೇಜಲ್ಲಿ ಪೊಲೀಸರು ಹುಡುಗಿಯರ ಹಾಸ್ಟೆಲ್ ಕಡೆ ಗುಂಡು ಹಾರಿಸಿ ಇಬ್ಬರನ್ನ ಕೊಂದ್ರು. ಫಿಲಿಪ್ ಗಿಬ್ಸ್, ಜೇಮ್ಸ್ ಅರ್ಲ್ ಗ್ರೀನ್. ಗ್ರೀನ್ ಇನ್ನೂ ಹೈಸ್ಕೂಲ್ ಹುಡುಗ. ಇಬ್ಬರೂ ಕಪ್ಪು ಜನ. 'ಓಹಾಯೋ' ರೆಕಾರ್ಡ್ ಆಗಿದ್ದು ಇದಾಗಿ ಆರು ದಿನಕ್ಕೆ, ಅದರಲ್ಲಿ ಈ ಇಬ್ಬರ ಸುದ್ದಿ ಇಲ್ಲ. ಹಾಡಿಗೆ ಬೇಕಿದ್ದಿದ್ದು ನಾಲ್ಕು ಅನ್ನೋ ಲೆಕ್ಕ, ಆರು ಅಲ್ಲ. ಮುಂದಿನ ವರ್ಷ ಬೀಚ್ ಬಾಯ್ಸ್‌ನವರು ಒಂದು ಹಾಡಲ್ಲಿ ಜ್ಯಾಕ್ಸನ್ ಸ್ಟೇಟ್ ಹೆಸರು ತಂದ್ರು, ತಂದು ಕೊನೇಲಿ ಏನು ಹೇಳಿದ್ರು ಗೊತ್ತಾ, ಇನ್ಮೇಲೆ ಗಲಾಟೆ ಆದ್ರೆ ಆ ಕಡೆ ಹೋಗ್ಬೇಡಿ ಅಂತ! ಇಂಥ ಬುದ್ಧಿವಾದ ಹೇಳೋಕೆ ಮನೇಲಿ ದೊಡ್ಡಪ್ಪ ಚಿಕ್ಕಪ್ಪ ಸಾಲ್ದಾ, ಇದಕ್ಕೊಂದು ಎಲೆಕ್ಟ್ರಿಕ್ ಗಿಟಾರ್ ಬೇರೆ. ಹಾಗಾಗಿ ಹೆಸರು ಹೇಳಿದ್ರೆ ಸಾಕು ಎಲ್ಲ ಸರಿ ಅಂತ ನಾನು ಹೇಳ್ತಿಲ್ಲ. ಯಾರ ಹೆಸರು ಹೇಳ್ತೀವಿ ಯಾರದ್ದು ಬಿಡ್ತೀವಿ ಅನ್ನೋದೂ ಪಾಲಿಟಿಕ್ಸೇ. ಆದ್ರೆ ಒಂದು ಲಾಭ ಇದೆ ನೋಡಿ, ಹೆಸರು ಹೇಳಿದ ಹಾಡಲ್ಲಿ ಯಾರು ಬಿಟ್ಟುಹೋದ್ರು ಅಂತ ನಾವು ಹಿಡಿದು ಕೇಳಬಹುದು. ಸುಮ್ನೆ ಶಾಂತಿ ಅಂದವನನ್ನ ಏನಂತ ಕೇಳ್ತೀರಾ?

ಯಂಗ್ ಕೂಡ ಎಡವಿದ್ದಾನೆ. 'ಸದರ್ನ್ ಮ್ಯಾನ್', 'ಅಲಬಾಮ' ಅಂತ ಎರಡು ಹಾಡಲ್ಲಿ ಕಪ್ಪು ಜನರ ಮೇಲಿನ ದೌರ್ಜನ್ಯಕ್ಕೆ ಅಮೆರಿಕದ ದಕ್ಷಿಣದವರನ್ನೆಲ್ಲ ಒಟ್ಟಿಗೆ ನಿಲ್ಲಿಸಿ ಬೈದ. ಲಿನರ್ಡ್ ಸ್ಕಿನರ್ಡ್ ಬ್ಯಾಂಡಿನವರು 1974ರಲ್ಲಿ 'ಸ್ವೀಟ್ ಹೋಮ್ ಅಲಬಾಮ'ದಲ್ಲಿ ನೀಲ್ ಯಂಗ್ ಅಂತ ಹೆಸರು ಹಿಡಿದೇ ತಿರುಗಿಸಿ ಕೊಟ್ರು. ತಮಾಷೆ ಏನಂದ್ರೆ ಆ ಬ್ಯಾಂಡ್ ಅಲಬಾಮದ್ದೇ ಅಲ್ಲ, ಫ್ಲೋರಿಡಾದ ಜ್ಯಾಕ್ಸನ್‌ವಿಲ್‌ದು. ನಮ್ಮ ಚರ್ಚ್ ಸ್ಟ್ರೀಟ್ ಪಬ್ಬಲ್ಲಿ ಯಾವುದಾದ್ರೂ ಕವರ್ ಬ್ಯಾಂಡ್ ಈ ಹಾಡು ಎತ್ತಿದ್ರೆ ಬಾಣಸವಾಡಿ ಹುಡುಗನೂ ಅಲಬಾಮದಲ್ಲಿ ತಮ್ಮಜ್ಜನ ತೋಟ ಇದೆ ಅನ್ನೋ ಥರ ಕೈ ಎತ್ತಿ ಹಾಡ್ತಾನೆ, ಇದು ಯಾರಿಗೋ ಕೊಟ್ಟ ಉತ್ತರ ಅಂತಾನೂ ಗೊತ್ತಿರಲ್ಲ. ಎಷ್ಟೋ ವರ್ಷ ಆದ್ಮೇಲೆ ಯಂಗ್ ತನ್ನ ಆತ್ಮಕಥೆಲಿ ಬರ್ಕೊಂಡಿದ್ದಾನೆ, ಆ 'ಅಲಬಾಮ' ಹಾಡಿಗೆ ಅವರು ಕೊಟ್ಟ ಏಟು ಸರಿಯಾಗೇ ಇತ್ತು ಅಂತ. ಕುರ್ಚಿ ಮೇಲಿರೋ ಒಬ್ಬನ ಹೆಸರು ಹೇಳೋದು ಬೇರೆ, ಊರಿಗೆ ಊರನ್ನೇ ಎಳ್ಕೊಂಡು ಬೈಯೋದು ಬೇರೆ.

ಈಗ ಎರಡನೇ ಥರದ್ದಕ್ಕೆ ಬರೋಣ. 1989ರ 'ರಾಕಿಂಗ್ ಇನ್ ದ ಫ್ರೀ ವರ್ಲ್ಡ್'. ನಿಜ ಹೇಳ್ಬೇಕಂದ್ರೆ ಇದು ಕಹಿ ಹಾಡು. ಮಗು ಎತ್ಕೊಂಡು ಡ್ರಗ್ಸ್‌ಗೆ ಬಿದ್ದ ತಾಯಿ, ಬೀದೀಲಿ ಮಲಗೋ ಜನ, ಜೊತೆಗೆ ಆಗಿನ ಅಧ್ಯಕ್ಷ ದೊಡ್ಡ ಬುಶ್ ಸಮಾಜಸೇವೆ ಮಾಡೋರನ್ನ ಹೊಗಳ್ತಾ ತನ್ನ ಭಾಷಣಗಳಲ್ಲಿ ಹೇಳ್ಕೊಂಡು ತಿರುಗ್ತಿದ್ದ 'ಸಾವಿರ ಬೆಳಕಿನ ಚುಕ್ಕಿ'ನ ಎತ್ಕೊಂಡು ಮಾಡಿದ ಗೇಲಿ. ಆದ್ರೆ ಬುಶ್ ಅನ್ನೋ ಹೆಸರು ಎಲ್ಲೂ ಇಲ್ಲ, ಆ ಭಾಷಣ ಕೇಳಿದವರಿಗೆ ಮಾತ್ರ ಗೇಲಿ ಗೊತ್ತಾಗೋದು. ಕಾಲ ಹೋಯ್ತು, ಭಾಷಣ ಮರೆತುಹೋಯ್ತು, ಉಳಿದಿದ್ದು ಮುಷ್ಟಿ ಎತ್ತಿ ಕೂಗೋ ಪಲ್ಲವಿ. 2015 ಜೂನ್ 16ಕ್ಕೆ ಟ್ರಂಪ್ ತನ್ನ ಬಿಲ್ಡಿಂಗಿನ ಎಸ್ಕಲೇಟರ್ ಇಳ್ಕೊಂಡು ಬಂದು ಚುನಾವಣೆಗೆ ನಿಲ್ತೀನಿ ಅಂದ ದಿನ ಅಲ್ಲಿ ಹಾಕಿದ ಹಾಡು ಇದೇ! ಯಂಗ್ ಕೂಗಾಡಿದ, ಅವರು ನಮ್ಮ ಹತ್ರ ಲೈಸೆನ್ಸ್ ಇದೆ ಅಂದ್ರು. ಇದ್ದಿರುತ್ತೆ, ಯಾಕಂದ್ರೆ ಅಲ್ಲಿ ಹಾಡುಗಳ ಹಕ್ಕು ನೋಡ್ಕೊಳ್ಳೋ ಸಂಸ್ಥೆಗಳು ಲಕ್ಷಗಟ್ಟಲೆ ಹಾಡಿಗೆ ಒಟ್ಟಿಗೆ ಪರ್ಮಿಷನ್ ಕೊಡ್ತವೆ, ಒಂದೊಂದು ಹಾಡಿಗೂ ಬರೆದವನನ್ನ ಕೇಳಲ್ಲ. 2020ರ ಆಗಸ್ಟಲ್ಲಿ ಯಂಗ್ ಕೇಸೂ ಹಾಕಿದ, ಡಿಸೆಂಬರಿಗೆ ತಾನೇ ವಾಪಸ್ ತಗೊಂಡ. ಅದೇ ವರ್ಷ ಜಾನ್ ಫೋಗರ್ಟಿ ಅನ್ನೋ ಇನ್ನೊಬ್ಬ ರಾಕ್ ಹಾಡುಗಾರನಿಗೂ ಇದೇ ಕಥೆ, ಶ್ರೀಮಂತರ ಮಕ್ಕಳು ಸೈನ್ಯಕ್ಕೆ ಹೋಗದೆ ತಪ್ಪಿಸ್ಕೊಳ್ತಾರೆ ಅಂತ 1969ರಲ್ಲಿ ಬರೆದ 'ಫಾರ್ಚುನೇಟ್ ಸನ್'ನ ಟ್ರಂಪ್ ರ‍್ಯಾಲಿಲಿ ಹಾಕಿದ್ರು, ಅವನೂ ನೋಟಿಸ್ ಕಳಿಸಿದ.

ಈಗ ಯೋಚ್ನೆ ಮಾಡಿ, ಯಾವ ರಿಪಬ್ಲಿಕನ್ ರ‍್ಯಾಲಿಲಿ 'ಓಹಾಯೋ' ಹಾಕ್ತಾರೆ? ಹಾಕೋಕಾಗಲ್ಲ. ಮೊದಲ ಸಾಲಲ್ಲೇ ಅವರದೇ ಪಾರ್ಟಿಯಿಂದ ದೇಶದ ಅಧ್ಯಕ್ಷನಾದವನ ಹೆಸರು ಕೂತಿದೆ. ಲಾಯರ್ ಬೇಡ, ನೋಟಿಸ್ ಬೇಡ, ಹಾಡೇ ತನ್ನ ಕಾವಲು ಕಾಯ್ಕೊಳ್ಳುತ್ತೆ.

ಹಾಗಂದ್ರೆ ರಷ್ಯಾದ ರಾಕ್ ಹಾಡುಗಾರ ವಿಕ್ಟರ್ ತ್ಸೋಯ್ ಕಥೆ ಏನು ಅಂತ ಕೆಲವರು ಕೇಳ್ತೀರಾ, ಗೊತ್ತು. ಕೀನೋ ಬ್ಯಾಂಡಿನ 'ಪೆರೆಮೆನ್' ಹಾಡಲ್ಲಿ ಒಬ್ಬರ ಹೆಸರೂ ಇಲ್ಲ, ಬದಲಾವಣೆ ಬೇಕು ಅಷ್ಟೇ. ತ್ಸೋಯ್ 1990ರಲ್ಲಿ ಆಕ್ಸಿಡೆಂಟಲ್ಲಿ ತೀರ್ಕೊಂಡ. 30 ವರ್ಷ ಆದ್ಮೇಲೆ, 2020ರ ಆಗಸ್ಟಲ್ಲಿ, ಬೆಲಾರಸ್‌ನ ಮಿನ್ಸ್ಕ್‌ನಲ್ಲಿ ಸರ್ಕಾರಿ ಕಾರ್ಯಕ್ರಮದ ಮಧ್ಯೆ ಇಬ್ಬರು ಸೌಂಡ್ ಹುಡುಗರು ಆ ಹಾಡು ಹಾಕಿ ಕೈ ಮೇಲೆತ್ತಿ ನಿಂತ್ರು, ಹತ್ತು ಹತ್ತು ದಿನ ಜೈಲಾಯ್ತು. ಆ ಹಾಡಿಗೆ ನಂದು ದೊಡ್ಡ ನಮಸ್ಕಾರ. ಆದ್ರೆ ಅಲ್ಲಿ ಹೆಸರು ಹೇಳಿದ್ರೆ ಬದುಕೇ ಹೋಗುತ್ತೆ, ಹೇಳದೇ ಇರೋದು ಅಲ್ಲಿ ಜಾಣತನ, ಕೇಳೋರಿಗೂ ಯಾರು ಅಂತ ಗೊತ್ತೇ ಇರುತ್ತೆ. ಹೆಸರು ಹೇಳಿದ್ರೂ ಏನೂ ಆಗದ ಜಾಗದಲ್ಲಿ, ಹೆಚ್ಚೆಂದ್ರೆ ನಾಲ್ಕು ಟಿಕೆಟ್ ಕಮ್ಮಿ ಸೇಲ್ ಆಗೋ ಜಾಗದಲ್ಲಿ ಹೇಳದೇ ಇರೋದು ನುಣುಚ್ಕೊಳ್ಳೋದು.

ಟಿಕೆಟ್ ಅಂದ್ರೆ ನೆನಪಾಯ್ತು. 2006ರಲ್ಲಿ ಯಂಗ್‌ಗೆ 60 ವಯಸ್ಸು, ಇರಾಕ್ ಯುದ್ಧ ನಡೀತಿತ್ತು. ಯಾರಾದ್ರೂ ಹುಡುಗರು ಬರೀತಾರೇನೋ ಅಂತ ಕಾದೆ, ಯಾರೂ ಕಾಣ್ಲಿಲ್ಲ, ಅದಕ್ಕೆ ನಾನೇ ಬರೆದೆ ಅನ್ನೋ ಅರ್ಥದ ಮಾತು ಹೇಳಿ ಒಂದು ಇಡೀ ಆಲ್ಬಮ್ ಮಾಡಿದ, ನೂರು ಜನರ ಕೋರಸ್ ಇಟ್ಟು. ಅದರಲ್ಲಿ ಆಗಿನ ಅಧ್ಯಕ್ಷನನ್ನ, ಅಂದ್ರೆ ದೊಡ್ಡ ಬುಶ್‌ನ ಮಗ ಬುಶ್‌ನ, ಕೆಳಗಿಳಿಸಿ ಅಂತ ನೇರವಾಗಿ ಒಂದು ಹಾಡು, ಮಧ್ಯೆ ಮಧ್ಯೆ ಬುಶ್‌ದೇ ಧ್ವನಿ, ಅವನದೇ ಮಾತಿಗೆ ಅವನದೇ ಉಲ್ಟಾ ಮಾತು ಜೋಡಿಸಿ. ಸಂಗೀತ ಅಂತ ನೋಡಿದ್ರೆ ಸಾಧಾರಣ ಹಾಡು, ಸುಳ್ಳು ಹೇಳಲ್ಲ, 'ಓಹಾಯೋ' ಹತ್ರಕ್ಕೂ ಬರಲ್ಲ. ಆದ್ರೆ ಹಳೇ ನಾಲ್ಕು ಜನ ಸೇರಿ ಟೂರ್ ಹೊರಟು ಅಟ್ಲಾಂಟಾದಲ್ಲಿ ಇದನ್ನ ಹಾಡಿದಾಗ ಜನ ಬೂ ಅಂದ್ರು, ಮಧ್ಯದ ಬೆರಳು ತೋರಿಸಿದ್ರು, ದುಡ್ಡು ಕೊಟ್ಟು ಬಂದವರು ಎದ್ದು ಹೊರಗೆ ನಡೆದ್ರು. ಹಾಡೋಕೆ ಬಂದೋರು ಪಾಲಿಟಿಕ್ಸ್ ಯಾಕೆ ಮಾತಾಡ್ತಾರೆ ಅಂತ ಸಿಟ್ಟು ಬೇರೆ. 'ಓಹಾಯೋ' ಹಾಡಿದ ಬ್ಯಾಂಡಿಗೆ ಟಿಕೆಟ್ ತಗೊಂಡು ಹೋಗಿ ಹೀಗೆ ಕೇಳ್ತಾರಲ್ಲ, ಇವರಿಗೆ ಏನು ಹೇಳೋಣ. 'ಓಹಾಯೋ' ಅಷ್ಟು ಹೊತ್ತಿಗೆ ಹಳೇ ನೆನಪಾಗಿತ್ತು, ನಿಕ್ಸನ್ ಸತ್ತು 12 ವರ್ಷ. ಬುಶ್ ಇನ್ನೂ ಕುರ್ಚಿ ಮೇಲೆ ಕೂತಿದ್ದ. ಹೆಸರಿನ ಬಿಸಿ ತಟ್ಟೋದು ಅವಾಗ್ಲೇ.

ನಮ್ಮಲ್ಲಿ ಇದೇನು ಹೊಸದಲ್ಲ. ಸಿದ್ಧಲಿಂಗಯ್ಯನವರು ನಲವತ್ತೇಳರ ಸ್ವಾತಂತ್ರ್ಯ ಯಾರಿಗೆ ಬಂತು ಅಂತ ಕೇಳಿದವರು ಕೇಳಿ ಸುಮ್ನಾಗ್ಲಿಲ್ಲ, ಟಾಟಾ ಬಿರ್ಲಾ ಜೋಬಿಗೆ ಬಂತು ಅಂತ ಹೆಸರು ಹೇಳೇ ಹೇಳಿದ್ರು, ತಮಟೆ ಇಟ್ಕೊಂಡು ಬೀದಿಬೀದೀಲಿ ಜನ ಅದನ್ನ ಹಾಡಿದ್ರು. ಇಷ್ಟೆಲ್ಲ ರಾಕ್ ಬ್ಯಾಂಡ್ ಇರೋ ಬೆಂಗಳೂರಲ್ಲಿ, ಸ್ಟೇಜ್ ಮೇಲೆ ವ್ಯವಸ್ಥೆ ಸರಿ ಇಲ್ಲ ವ್ಯವಸ್ಥೆ ಸರಿ ಇಲ್ಲ ಅಂತ ಕೂಗೋ ಹುಡುಗರಿಗೆ ಗಿಟಾರೂ ಇದೆ, ಗಂಟಲೂ ಇದೆ. ಯಾರಪ್ಪಾ ಆ ವ್ಯವಸ್ಥೆ, ಯಾವ ಇಲಾಖೆ, ಯಾವ ಮಂತ್ರಿ? ಈಗ ಅಧಿಕಾರದಲ್ಲಿರೋ ಒಬ್ಬರ ಹೆಸರು ಹಿಡಿದು, ಯಾವ ಪಾರ್ಟಿ ಆದ್ರೂ ಸರಿ, ಕನ್ನಡದಲ್ಲಿ ಯಾವುದಾದ್ರೂ ಬ್ಯಾಂಡ್ ಹಾಡಿದ್ದು ನಿಮಗೆ ಗೊತ್ತಿದ್ರೆ ಲಿಂಕ್ ಹಾಕಿ, ಇವತ್ತೇ ಕೇಳ್ತೀನಿ.